ಒಲೆ ಬಂತು, ಬಿಸಿ ಬರಲಿಲ್ಲ

ಕಳೆದ ನವೆಂಬರ್‌ನ ಒಂದು ಸಂಜೆ ನಮ್ಮ ಮನೆಯ ಹಾಲ್‌ನಲ್ಲಿ 14 ಡಿಗ್ರಿ. ಇದು ಹೊರಗಿನ ಲೆಕ್ಕ ಅಲ್ಲ, ಒಳಗಿನದು. ಮೂಲೆಯಲ್ಲಿ ಹೊಸ ಪೆಲೆಟ್ ಸ್ಟೌವ್ ಉರಿಯುತ್ತಿತ್ತು. ಅದನ್ನು ಕೂರಿಸಿ ಹನ್ನೊಂದು ದಿನವಾಗಿತ್ತು. ಗಾಜಿನ ಬಾಗಿಲ ಹಿಂದೆ ಬೆಂಕಿ ಕಾಣಿಸುತ್ತಿತ್ತು, ಫ್ಯಾನ್ ಸದ್ದು ಕೇಳಿಸುತ್ತಿತ್ತು, ಬಿಸಿ ಮಾತ್ರ ಇಲ್ಲ. ಎರಡು ಸ್ವೆಟರ್ ಹಾಕಿಕೊಂಡು ಅದರ ಮುಂದೆ ಕೂತು ಕಂಪನಿಯ ಕೈಪಿಡಿ ತಿರುವಿ ಹಾಕುತ್ತಿದ್ದೆ.

ನಾನಿರುವುದು ಇಟಲಿಯ ಉತ್ತರದಲ್ಲಿ. ಟ್ಯೂರಿನ್ ನಗರದಿಂದ ಪಶ್ಚಿಮಕ್ಕೆ, ಆಲ್ಪ್ಸ್ ಕಡೆ ಹೋಗುವ ಸೂಸಾ ಕಣಿವೆಯ ಒಂದು ಹಳ್ಳಿ. ಕೆಲಸ ಇರುವುದು ಟ್ಯೂರಿನ್‌ನಲ್ಲಿ, ಅಲ್ಲಿನ ಬಾಡಿಗೆ ಕೈಗೆಟುಕುವುದಿಲ್ಲ, ಹಾಗಾಗಿ ದಿನಾ ರೈಲಿನ ಓಡಾಟ. 70 ಚದರ ಮೀಟರ್‌ನ, ಕಲ್ಲುಗೋಡೆಯ ಹಳೇ ಮನೆ. ಮೊದಲು ಇಲ್ಲಿ ಸೌದೆ ಒಲೆ ಇತ್ತು. ಮನೆ ಮಾಲೀಕರು ಅದನ್ನು ತೆಗೆಸಿ, ಸರ್ಕಾರದ ಸಬ್ಸಿಡಿಯಲ್ಲಿ 8 ಕಿಲೋವ್ಯಾಟ್‌ನ ಪೆಲೆಟ್ ಸ್ಟೌವ್ ಹಾಕಿಸಿದರು.

ನಮ್ಮ ಕಡೆ ಇದನ್ನು ನೋಡಿದವರು ಕಡಿಮೆ, ಆದ್ದರಿಂದ ಎರಡು ಮಾತು. ಪೆಲೆಟ್ ಅಂದರೆ ಮರದ ಹೊಟ್ಟನ್ನು ಯಂತ್ರದಲ್ಲಿ ಒತ್ತಿ ಮಾಡಿದ, ಪೆನ್ಸಿಲ್ ದಪ್ಪದ ಗುಳಿಗೆ. 15 ಕೆ.ಜಿ. ಚೀಲದಲ್ಲಿ ಸಿಗುತ್ತದೆ. ಸ್ಟೌವ್‌ನ ಮೇಲಿನ ಡಬ್ಬಕ್ಕೆ ಸುರಿದರೆ, ಒಳಗಿರುವ ಒಂದು ತಿರುಪು ಅದನ್ನು ಸ್ವಲ್ಪ ಸ್ವಲ್ಪವೇ ಉರಿಯುವ ಬಟ್ಟಲಿಗೆ ಬೀಳಿಸುತ್ತದೆ. ಒಂದು ಫ್ಯಾನ್ ಹೊಗೆಯನ್ನು ಚಿಮಣಿಗೆ ಎಳೆಯುತ್ತದೆ, ಆ ಎಳೆತದಲ್ಲೇ ಬೆಂಕಿಗೆ ಹೊಸ ಗಾಳಿ ನುಗ್ಗುತ್ತದೆ. ಇನ್ನೊಂದು ಫ್ಯಾನ್ ಬಿಸಿಗಾಳಿಯನ್ನು ಕೋಣೆಗೆ ಊದುತ್ತದೆ. ಇವೆಲ್ಲ ನಡೆಯುವುದು ಕರೆಂಟಿನಲ್ಲಿ, ಒಂದು ಸಣ್ಣ ಸರ್ಕ್ಯೂಟ್ ಬೋರ್ಡಿನ ಹಿಡಿತದಲ್ಲಿ.

ಮುಂದಿನ ಮೂರು ವಾರ ನಾನು ಮಾಡಿದ್ದು ದೋಷ ಹುಡುಕುವ ಕೆಲಸ. ಒಂದು ದೋಷ ಸರಿಮಾಡಿದರೆ ಅದರ ಹಿಂದೆ ಇನ್ನೊಂದು. ಅಷ್ಟೇ ಆಗಿದ್ದರೆ ಇದನ್ನು ಇಲ್ಲಿ ಬರೆಯುವ ಅಗತ್ಯ ಇರಲಿಲ್ಲ. ಆದರೆ ಪ್ರತಿ ದೋಷದ ಹಿಂದೆಯೂ ಯಾರು ದುಡ್ಡು ಪಡೆದರು, ಯಾರು ದುಡ್ಡು ಕಟ್ಟುತ್ತಿದ್ದಾರೆ, ಯಾರು ಹೊಣೆ ಹೊರಲಿಲ್ಲ ಅನ್ನುವ ಪ್ರಶ್ನೆ ಕೂತಿತ್ತು. ಸರ್ಕಾರ ದುಡ್ಡು ಕೊಟ್ಟಿದ್ದು ಯಂತ್ರಕ್ಕೆ. ನನಗೆ ಬೇಕಿದ್ದುದು ಬಿಸಿ. ಎರಡೂ ಒಂದೇ ಅಂತ ಸರ್ಕಾರ ತಿಳಿದುಕೊಂಡಿದೆ.

ಮೊದಲ ಅನುಮಾನ: ಚೀಲದೊಳಗೆ ಏನಿದೆ?

ಮೊದಲ ಲಕ್ಷಣ ಕಾಣಿಸಿದ್ದು ಗಾಜಿನ ಮೇಲೆ. ಹೊತ್ತಿಸಿದ ಎರಡೇ ಗಂಟೆಗೆ ಗಾಜು ಮಸಿ ಹಿಡಿದು ಕಪ್ಪಾಗುತ್ತಿತ್ತು. ಜ್ವಾಲೆ ಕೆಂಪು-ಕಿತ್ತಳೆ, ಎತ್ತರ ಇದೆ ಆದರೆ ಚುರುಕಿಲ್ಲ, ಸೋಮಾರಿ ಹಾಗೆ ತೂಗಾಡುತ್ತಿತ್ತು. ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ. ಹಾಸನದ ಹಳ್ಳಿಯಲ್ಲಿ ಮೂವತ್ತು ವರ್ಷ ಸೌದೆ ಒಲೆ ಮುಂದೆ ಕೂತವರು. ಒಂದು ಕ್ಷಣ ನೋಡಿ, "ಗಾಳಿ ಸಾಲ್ತಿಲ್ಲ ಕಣೇ. ಬೂದಿ ಕಟ್ಟಿಕೊಂಡಿದೆ, ಕೆದಕು. ಊದುಗೊಳವೆ ಇಲ್ವಾ?" ಅಂದರು.

ಊದುಗೊಳವೆ ಇರಲಿಲ್ಲ, ಆದರೆ ರೋಗ ಅವರು ಹೇಳಿದ್ದೇ. ಸ್ಟೌವ್ ಆರಿಸಿ, ಪೂರ್ತಿ ತಣ್ಣಗಾದ ಮೇಲೆ ಬಟ್ಟಲು ಎತ್ತಿ ನೋಡಿದೆ. ಅದರ ತಳದ ತೂತುಗಳಿಂದಲೇ ಬೆಂಕಿಗೆ ಗಾಳಿ ಬರಬೇಕು. ಅರ್ಧಕ್ಕರ್ಧ ತೂತುಗಳು ಗಾಜಿನಂಥ ಗಟ್ಟಿ ಕಿಟ್ಟದಿಂದ ಮುಚ್ಚಿಹೋಗಿದ್ದವು. ಡಬ್ಬದ ತಳದಲ್ಲಿ ಎರಡು ಬೊಗಸೆ ಪುಡಿ. ಸ್ಟೌವ್ ಜೊತೆ ಮಾಲೀಕರು ಬಿಟ್ಟುಹೋಗಿದ್ದ ಚೀಲಗಳ ಮೇಲೆ ಯಾವ ಗುಣಮಟ್ಟದ ಗುರುತೂ ಇರಲಿಲ್ಲ.

ಯುರೋಪಿನಲ್ಲಿ ಪೆಲೆಟ್‌ಗೆ 'ಇಎನ್‌ಪ್ಲಸ್' ಅನ್ನುವ ದರ್ಜೆ ಪದ್ಧತಿ ಇದೆ. ಎ1 ದರ್ಜೆ ಅಂದರೆ ತೇವಾಂಶ ಶೇ. 10 ಮೀರಬಾರದು, ಬೂದಿ ಶೇ. 0.7 ಮೀರಬಾರದು, ಕೆ.ಜಿ.ಗೆ ಕನಿಷ್ಠ 4.6 ಕಿಲೋವ್ಯಾಟ್ ಅವರ್ ಶಾಖ ಸಿಗಬೇಕು. ಬಿ ದರ್ಜೆಯಲ್ಲಿ ಬೂದಿ ಶೇ. 2ರವರೆಗೂ ಇರಬಹುದು. ಕೇಳಲು ಚಿಕ್ಕ ವ್ಯತ್ಯಾಸ. ಆದರೆ ಬೂದಿ ಮೂರು ಪಟ್ಟು ಆದರೆ ತೂತು ಕಟ್ಟುವುದೂ ಅಷ್ಟೇ ಬೇಗ, ಗಾಳಿ ಕಡಿಮೆಯಾಗಿ ಮರ ಪೂರ್ತಿ ಉರಿಯದೆ ಹೊಗೆಯಾಗುವುದೂ ಅಷ್ಟೇ ಬೇಗ. ಪೆಲೆಟ್ ಒದ್ದೆಯಾಗಿದ್ದರೆ ಬೆಂಕಿಯ ಒಂದು ಪಾಲು ನೀರನ್ನು ಆವಿ ಮಾಡುವುದಕ್ಕೇ ಖರ್ಚು.

ಇಲ್ಲಿನ ಪೊ ನದಿ ಬಯಲಿನ ನಾಲ್ಕು ಪ್ರಾಂತ್ಯಗಳು, ಅಂದರೆ ಪಿಯೆಮಾಂಟೆ, ಲೊಂಬಾರ್ಡಿಯಾ, ವೆನೆಟೊ, ಎಮಿಲಿಯಾ-ರೊಮಾನ್ಯಾ, 2017ರಲ್ಲಿ ಒಪ್ಪಂದ ಮಾಡಿಕೊಂಡು ಮನೆ ಸ್ಟೌವ್‌ಗಳಿಗೆ ಎ1 ಪೆಲೆಟ್ ಕಡ್ಡಾಯ ಮಾಡಿದವು. ಕಾರಣ ಇದೆ. ಮೂರು ಕಡೆ ಬೆಟ್ಟ, ಚಳಿಗಾಲದಲ್ಲಿ ಗಾಳಿ ಅಲ್ಲಾಡುವುದಿಲ್ಲ, ಹೊಗೆ ಬಯಲಿನಲ್ಲೇ ನಿಲ್ಲುತ್ತದೆ. ದೂಳಿನ ಕಣಗಳ ಮಿತಿಯನ್ನು ವರ್ಷಗಟ್ಟಲೆ ಮೀರಿದ್ದಕ್ಕೆ 2020ರ ನವೆಂಬರ್‌ನಲ್ಲಿ ಐರೋಪ್ಯ ನ್ಯಾಯಾಲಯ ಇಟಲಿಯ ವಿರುದ್ಧ ತೀರ್ಪು ಕೊಟ್ಟಿತು. ಅಂದರೆ ನಿಯಮ ಸರಿಯಾಗಿಯೇ ಇದೆ. ಆದರೆ ನಿಯಮ ಇರುವ ಊರಿನಲ್ಲೇ ಗುರುತಿಲ್ಲದ ಚೀಲ ಯಾಕೆ ಮಾರಾಟವಾಗುತ್ತದೆ?

ಉತ್ತರ ಬೆಲೆಯಲ್ಲಿದೆ. ಮನೆ ಬಿಸಿ ಮಾಡಲು ಪೆಲೆಟ್ ಬಳಸುವುದರಲ್ಲಿ ಯುರೋಪಿಗೇ ಮೊದಲ ಸ್ಥಾನ ಇಟಲಿಯದ್ದು, ಆದರೆ ಅದರ ಬಹುಪಾಲು ಆಮದು. 2021ರಲ್ಲಿ ಒಂದು ಚೀಲ ಸುಮಾರು 5 ಯೂರೋ ಇತ್ತು. 2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ನುಗ್ಗಿತು. ಬೆಲಾರೂಸ್ ಮತ್ತು ರಷ್ಯಾದ ಮರದ ಮೇಲೆ ಐರೋಪ್ಯ ಒಕ್ಕೂಟ ನಿರ್ಬಂಧ ಹಾಕಿತು. ಇತ್ತ ಇಟಲಿಯ ಅನಿಲ ಆಮದಿನ ಸುಮಾರು ಶೇ. 40 ರಷ್ಯಾದಿಂದಲೇ ಬರುತ್ತಿತ್ತು, ಹಾಗಾಗಿ ಅನಿಲದ ಬೆಲೆಗೆ ಹೆದರಿದವರೆಲ್ಲ ಪೆಲೆಟ್ ಕಡೆ ಓಡಿದರು. ಆ ಶರತ್ಕಾಲದಲ್ಲಿ ಚೀಲದ ಬೆಲೆ 10 ಯೂರೋ ದಾಟಿತು, ಕೆಲವೆಡೆ 15ರ ಹತ್ತಿರ ಹೋಯಿತು. ಸರ್ಕಾರ 2023ಕ್ಕೆ ಪೆಲೆಟ್ ಮೇಲಿನ ತೆರಿಗೆಯನ್ನು ಶೇ. 22ರಿಂದ 10ಕ್ಕೆ ಇಳಿಸಿತು. 2024ರ ಫೆಬ್ರವರಿ ಕಳೆಯುತ್ತಿದ್ದಂತೆ ಮತ್ತೆ 22.

ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ. ಸ್ಟೌವ್ ಕೊಳ್ಳುವವರಿಗೆ ಖರ್ಚಿನ ಶೇ. 65ರವರೆಗೂ ವಾಪಸ್. ಅದೇ ಸ್ಟೌವ್‌ಗೆ ಪ್ರತಿದಿನ ಹಾಕುವ ಇಂಧನಕ್ಕೆ ಪೂರ್ತಿ ತೆರಿಗೆ. ಒಂದು ಸಲದ ಖರೀದಿಗೆ ಕೈ ಬಿಚ್ಚಿದ ಸರ್ಕಾರ, ದಿನದ ಖರ್ಚಿಗೆ ಬಂದಾಗ ಕೈ ಮುಚ್ಚುತ್ತದೆ. ಆಗ ಬಡವರು ಗುರುತಿಲ್ಲದ ಚೀಲ ಕೊಳ್ಳುತ್ತಾರೆ, ಇದರಲ್ಲಿ ಅಚ್ಚರಿ ಏನಿದೆ?

ನಾನು ತೂತು ಬಿಡಿಸಿ, ಪುಡಿ ತೆಗೆದು, ಎ1 ಚೀಲ ತಂದು ಹಾಕಿದೆ. ಜ್ವಾಲೆ ಹಳದಿ-ಬಿಳಿಯಾಗಿ ಚುರುಕಾಯಿತು. ಗಾಜು ಸ್ವಚ್ಛ. ಹಾಲ್‌ನಲ್ಲಿ 15.5 ಡಿಗ್ರಿ.

ಎರಡನೆಯದು: ಯಂತ್ರ ನಂಬಿದ ಸುಳ್ಳು

ಆಮೇಲೆ ಗಮನಿಸಿದ್ದು ಡಿಸ್‌ಪ್ಲೇ. ನಾನು ಪವರ್ 5ಕ್ಕೆ ಇಟ್ಟರೂ ಅರ್ಧ ಗಂಟೆಯಲ್ಲಿ ಅದು ತಾನಾಗಿ 1ಕ್ಕೆ ಇಳಿಯುತ್ತಿತ್ತು. ಕೋಣೆಯ ತಾಪಮಾನ 22 ಅಂತ ತೋರಿಸುತ್ತಿತ್ತು. ಎದುರಿನ ಗೋಡೆಯ ಮೇಲೆ ನಾನು ನೇತುಹಾಕಿದ್ದ ಥರ್ಮಾಮೀಟರ್ ಹೇಳುತ್ತಿದ್ದುದು 15.5.

ಸ್ಟೌವ್‌ನ ಹಿಂದೆ ಬಗ್ಗಿ ನೋಡಿದೆ. ಕೋಣೆಯ ತಾಪ ಅಳೆಯುವ ಸೆನ್ಸರ್ ಒಂದು ತೆಳು ತಂತಿಯ ತುದಿಯಲ್ಲಿರುತ್ತದೆ. ಕೂರಿಸಿದವರು ಅದನ್ನು ಸುರುಳಿ ಸುತ್ತಿ ಸ್ಟೌವ್‌ನ ಬೆನ್ನಿಗೇ ಸಿಕ್ಕಿಸಿ ಹೋಗಿದ್ದರು. ಅದು ಅಳೆಯುತ್ತಿದ್ದುದು ಕೋಣೆಯನ್ನಲ್ಲ, ಸ್ಟೌವ್‌ನ ಬೆನ್ನನ್ನು. ತನ್ನ ಬೆನ್ನು ಬೆಚ್ಚಗಾಗುತ್ತಿದ್ದಂತೆ ಮನೆಯೆಲ್ಲಾ ಬೆಚ್ಚಗಾಯಿತು ಅಂತ ಯಂತ್ರ ತೃಪ್ತಿಪಟ್ಟು ಕೆಲಸ ಕಡಿಮೆ ಮಾಡುತ್ತಿತ್ತು.

ಇದು ಪೆಲೆಟ್ ಸ್ಟೌವ್‌ಗಳಲ್ಲಿ ತೀರಾ ಸಾಮಾನ್ಯ ಸಮಸ್ಯೆ. ತಂತಿ ಬಿಡಿಸಿ, ಬಿಸಿಗಾಳಿ ನೇರ ತಾಗದ ಕಡೆ ಸೆನ್ಸರ್ ಇಟ್ಟೆ. ಖರ್ಚು ಸೊನ್ನೆ. ಹಾಲ್‌ನಲ್ಲಿ 17 ಡಿಗ್ರಿ.

ತನ್ನ ಬೆನ್ನನ್ನೇ ಮುಟ್ಟಿನೋಡಿಕೊಂಡು ಊರೆಲ್ಲಾ ಬೆಚ್ಚಗಿದೆ ಅನ್ನುವ ವ್ಯವಸ್ಥೆಗಳನ್ನು ನಾವೆಲ್ಲ ನೋಡಿದ್ದೇವೆ. ಹೋಲಿಕೆ ನಾನು ಬೆಳೆಸುವುದಿಲ್ಲ, ನೀವೇ ಮಾಡಿಕೊಳ್ಳಿ.

ಮೂರನೆಯದು: ಸೂಟ್‌ಕೇಸ್ ತಕ್ಕಡಿ ಹೇಳಿದ್ದು

ಈಗ ಪವರ್ 5ರಲ್ಲಿ ನಿಲ್ಲುತ್ತಿತ್ತು. ಆದರೂ 17 ದಾಟಲಿಲ್ಲ. 8 ಕಿಲೋವ್ಯಾಟ್ ನಿಜವಾಗಿ ಬರುತ್ತಿದೆಯಾ ಅಂತ ತಿಳಿಯುವುದು ಹೇಗೆ? ಇದಕ್ಕೆ ದೊಡ್ಡ ಉಪಕರಣ ಬೇಕಿಲ್ಲ. ಹೊರದೇಶದಲ್ಲಿರುವ ನಮ್ಮವರೆಲ್ಲರ ಮನೆಯಲ್ಲೂ ಸೂಟ್‌ಕೇಸ್ ತೂಗುವ ಒಂದು ತಕ್ಕಡಿ ಇರುತ್ತದಲ್ಲ, ಅದು ಸಾಕು.

ಲೆಕ್ಕ ಸರಳ. ಒಳ್ಳೆಯ ಪೆಲೆಟ್ ಕೆ.ಜಿ.ಗೆ ಸುಮಾರು 4.8 ಕಿಲೋವ್ಯಾಟ್ ಅವರ್ ಶಾಖ ಕೊಡುತ್ತದೆ. ಸ್ಟೌವ್‌ನ ದಕ್ಷತೆ ಶೇ. 90 ಅಂತ ಇಟ್ಟುಕೊಂಡರೆ ಕೋಣೆಗೆ ಸಿಗುವುದು 4.3. ಹಾಗಾದರೆ 8 ಕಿಲೋವ್ಯಾಟ್ ಬೇಕಾದರೆ ಗಂಟೆಗೆ ಸುಮಾರು 1.9 ಕೆ.ಜಿ. ಉರಿಯಬೇಕು. ಡಬ್ಬಕ್ಕೆ ಒಂದು ಗುರುತಿನವರೆಗೆ ಪೆಲೆಟ್ ತುಂಬಿ, ಮೂರು ಗಂಟೆ ಪೂರ್ತಿ ಪವರ್‌ನಲ್ಲಿ ಓಡಿಸಿ, ಅದೇ ಗುರುತಿಗೆ ಮತ್ತೆ ತುಂಬಿದೆ. ತುಂಬುವ ಮೊದಲು ಮತ್ತು ಆಮೇಲೆ ಚೀಲ ತೂಗಿದೆ. ಖರ್ಚಾಗಿದ್ದು 3.3 ಕೆ.ಜಿ. ಗಂಟೆಗೆ 1.1. ಅಂದರೆ 4.7 ಕಿಲೋವ್ಯಾಟ್.

ಡಿಸ್‌ಪ್ಲೇ ಪೂರ್ತಿ ಪವರ್ ಅಂತಿತ್ತು. ತಕ್ಕಡಿ ಅರ್ಧ ಚಿಲ್ಲರೆ ಅಂತಿತ್ತು.

ಇಲ್ಲಿಂದ ಮುಂದಿನದು ನಾನು ಕೈಹಾಕುವ ಕೆಲಸ ಅಲ್ಲ. ತಿರುಪು ಎಷ್ಟು ಹೊತ್ತು ತಿರುಗಬೇಕು, ಹೊಗೆ ಫ್ಯಾನ್ ಎಷ್ಟು ವೇಗದಲ್ಲಿರಬೇಕು ಅನ್ನುವುದು ತಂತ್ರಜ್ಞರ ಮೆನುವಿನೊಳಗಿರುತ್ತದೆ. ಗಾಳಿ ಮತ್ತು ಇಂಧನದ ಹೊಂದಾಣಿಕೆ ತಪ್ಪಿದರೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಯಾರೋ ಯೂಟ್ಯೂಬಿನಲ್ಲಿ ಪಾಸ್‌ವರ್ಡ್ ಹೇಳಿಕೊಟ್ಟರು ಅಂತ ಆ ಮೆನುವಿಗೆ ಇಳಿಯಬೇಡಿ. ಆ ಅನಿಲಕ್ಕೆ ಕೂಗುವ ಅಲಾರಂ ಒಂದನ್ನು ಕೋಣೆಯಲ್ಲಿ ಇಡಿ.

ತಂತ್ರಜ್ಞ ಬರಲು ಎರಡು ವಾರ ಹಿಡಿಯಿತು. ನವೆಂಬರ್ ಅವರ ಸುಗ್ಗಿ ಕಾಲ. ಬಂದವರು ಚಿಮಣಿಯ ಎಳೆತ ಅಳೆದರು, ಹೊಗೆ ಪರೀಕ್ಷೆ ಮಾಡಿದರು, ಮೆನು ತೆರೆದು ನೋಡಿದರು. ಕಾರ್ಖಾನೆಯಿಂದ ಬಂದ ಸೆಟ್ಟಿಂಗ್ ಹಾಗೆಯೇ ಇತ್ತು. ಪ್ರತಿ ಮನೆಯ ಚಿಮಣಿಯ ಉದ್ದ ಬೇರೆ, ತಿರುವು ಬೇರೆ, ಎಳೆತ ಬೇರೆ. ನಮ್ಮದು ಉದ್ದದ ಚಿಮಣಿ, ಎಳೆತ ಜೋರು. ಇಂಧನ ಕಡಿಮೆ, ಗಾಳಿ ಜಾಸ್ತಿ, ಇದ್ದ ಬಿಸಿಯನ್ನೂ ಚಿಮಣಿ ಎಳೆದುಕೊಂಡು ಹೋಗುತ್ತಿತ್ತು. ನಲವತ್ತು ನಿಮಿಷದಲ್ಲಿ ಸರಿಮಾಡಿದರು.

"ಇದನ್ನು ಮೊದಲ ಸಲ ಹೊತ್ತಿಸಿದ ದಿನವೇ ಮಾಡಬೇಕಿತ್ತು" ಅಂದರು. ಮೊದಲ ದಿನ ಏನು ಮಾಡಿದ್ದರು ಅಂತ ಕೇಳಿದೆ. "ಗುಂಡಿ ಒತ್ತಿ, ಬೆಂಕಿ ಬಂತಾ ನೋಡಿ, ಕಾಗದಕ್ಕೆ ಸಹಿ ಹಾಕಿರ್ತಾರೆ. ದಿನಕ್ಕೆ ಐದು ಮನೆ ಮುಗಿಸಬೇಕಲ್ಲ."

ಗಂಟೆಗೆ 1.8 ಕೆ.ಜಿ. ಹಾಲ್‌ನಲ್ಲಿ 19.5 ಡಿಗ್ರಿ. ಆ ಭೇಟಿಯ ಬಿಲ್ ಕಟ್ಟಿದ್ದು ನಾನು.

ಈಗ ಸಬ್ಸಿಡಿಯ ಸೂತ್ರ ನೋಡೋಣ. 'ಕೊಂತೊ ತೆರ್ಮಿಕೊ' ಅನ್ನುವ ಈ ಯೋಜನೆಯ 2016ರ ನಿಯಮಗಳ ಪ್ರಕಾರ, ಸ್ಟೌವ್‌ಗೆ ಸಿಗುವ ಮೊತ್ತ ನಿಂತಿರುವುದು ಮುಖ್ಯವಾಗಿ ಮೂರು ಸಂಗತಿಗಳ ಮೇಲೆ: ಯಂತ್ರದ ಮೇಲೆ ಬರೆದಿರುವ ಕಿಲೋವ್ಯಾಟ್, ಊರು ಯಾವ ಹವಾಮಾನ ವಲಯದಲ್ಲಿದೆ ಅನ್ನುವುದು, ಮತ್ತು ಪ್ರಯೋಗಾಲಯದಲ್ಲಿ ಆ ಮಾದರಿ ಎಷ್ಟು ದೂಳು ಉಗುಳಿತು ಅನ್ನುವುದು. ನಿರ್ವಹಣೆಯ ಷರತ್ತೂ ಇದೆ, ಇಲ್ಲವೆಂದಲ್ಲ. ಆದರೆ ಈ ಮನೆಯಲ್ಲಿ, ಈ ಚಿಮಣಿಗೆ ಜೋಡಿಸಿದ ಮೇಲೆ ಎಷ್ಟು ಬಿಸಿ ಬಂತು ಅನ್ನುವುದು ಆ ಲೆಕ್ಕದಲ್ಲಿ ಇಲ್ಲ. ಹಣ ಹರಿಯುವುದು ಹೆಸರುಫಲಕದ ಮೇಲಿನ ಅಂಕಿಗೆ. ನಮ್ಮ ಮನೆಯ ವಿಷಯದಲ್ಲಿ ಆ ಅಂಕಿ 8. ಒಂದು ತಿಂಗಳು ನಮಗೆ ಸಿಕ್ಕಿದ್ದು 4.7, ಅದೂ ಸೆನ್ಸರ್ ಸುಳ್ಳು ಹೇಳದಿದ್ದಾಗ.

ಗಾಳಿಯ ಮಾಲಿನ್ಯದ ಕಥೆಯೂ ಇದೇ. ಇಟಲಿಯಲ್ಲಿ 2017ರಿಂದ ಸ್ಟೌವ್‌ಗಳಿಗೆ ಒಂದರಿಂದ ಐದು ನಕ್ಷತ್ರದ ದರ್ಜೆ ಇದೆ. ಪೊ ಬಯಲಿನಲ್ಲಿ ಹೊಸದಾಗಿ ಹಾಕುವುದಕ್ಕೆ ಕನಿಷ್ಠ ನಾಲ್ಕು ನಕ್ಷತ್ರ ಬೇಕು. ನಮ್ಮದು ನಾಲ್ಕು ನಕ್ಷತ್ರದ್ದೇ. ಆದರೆ ತೂತು ಕಟ್ಟಿ, ಗಾಜು ಕಪ್ಪಾಗಿ ಹೊಗೆಯಾಡುತ್ತಿದ್ದ ಆ ಹನ್ನೊಂದು ದಿನ ಅದು ಎಷ್ಟು ನಕ್ಷತ್ರದ ಸ್ಟೌವ್ ಆಗಿತ್ತು? ಬಿಸಿ ಕಡಿಮೆ ಕೊಡುವ ಬೆಂಕಿ ಹೆಚ್ಚಾಗಿ ಹೊಗೆ ಜಾಸ್ತಿ ಕೊಡುವ ಬೆಂಕಿಯೂ ಆಗಿರುತ್ತದೆ. ಹಾಗಾಗಿ ಒಂದು ಮನೆಯ ಚಳಿ ಆ ಮನೆಯ ಖಾಸಗಿ ಕಷ್ಟವಾಗಿ ಉಳಿಯುವುದಿಲ್ಲ, ಇಡೀ ಕಣಿವೆಯ ಶ್ವಾಸಕೋಶಕ್ಕೆ ಇಳಿಯುತ್ತದೆ.

ನಾಲ್ಕನೆಯದು: ಗೋಡೆ

ಹಾಲ್ ಬೆಚ್ಚಗಾಯಿತು. ಮಲಗುವ ಕೋಣೆಯಲ್ಲಿ ಇನ್ನೂ 14. ಇದು ಸ್ಟೌವ್‌ನ ತಪ್ಪಲ್ಲ. ಪೆಲೆಟ್ ಸ್ಟೌವ್ ತಾನಿರುವ ಕೋಣೆಯ ಗಾಳಿಯನ್ನು ಬಿಸಿ ಮಾಡುತ್ತದೆ. ಬಿಸಿಗಾಳಿ ಬಾಗಿಲು ದಾಟಿ, ಪ್ಯಾಸೇಜು ಸುತ್ತಿ ಹೋಗಬೇಕು. ದಾರಿಯಲ್ಲಿ ಕಲ್ಲು ಗೋಡೆ ಅದನ್ನು ಕುಡಿದುಬಿಡುತ್ತದೆ.

ಇಲ್ಲಿನ ತಂತ್ರಜ್ಞರು ಬಳಸುವ ಒಂದು ಅಂದಾಜಿದೆ. ಚಳಿ ತಡೆಯುವ ಹೊದಿಕೆ ಇಲ್ಲದ ಹಳೇ ಮನೆಗೆ ಘನ ಮೀಟರ್‌ಗೆ 40ರಿಂದ 50 ವ್ಯಾಟ್ ಬೇಕು. ನಮ್ಮ ಮನೆ ಸುಮಾರು 190 ಘನ ಮೀಟರ್. ಅಂದರೆ ಗಟ್ಟಿ ಚಳಿಯಲ್ಲಿ 7.6ರಿಂದ 9.5 ಕಿಲೋವ್ಯಾಟ್. ಸ್ಟೌವ್ ಅಹರ್ನಿಶಿ ಪೂರ್ತಿ ಉರಿದರೆ ಹೇಗೋ ಅಂಚಿಗೆ ಅಂಚು. ಗೋಡೆಗೆ, ಚಾವಣಿಗೆ ಹೊದಿಕೆ ಹಾಕಿದರೆ ಇದರ ಅರ್ಧಕ್ಕಿಂತ ಕಡಿಮೆ ಸಾಕಾಗುತ್ತಿತ್ತು. ಇಟಲಿಯಲ್ಲಿ ಕಟ್ಟಡಗಳ ಶಾಖ ಉಳಿಸುವ ಮೊದಲ ಕಾನೂನು ಬಂದಿದ್ದು 1976ರಲ್ಲಿ. ಇಲ್ಲಿನ ಬಹುಪಾಲು ಮನೆಗಳು ಅದಕ್ಕಿಂತ ಹಳೆಯವು.

ಗೋಡೆ ಸರಿಮಾಡಲು ಸರ್ಕಾರ ದುಡ್ಡು ಕೊಟ್ಟಿಲ್ಲವಾ? ಕೊಟ್ಟಿದೆ, ಧಾರಾಳವಾಗಿ. 2020ರಲ್ಲಿ ಬಂದ 'ಸೂಪರ್‌ಬೋನಸ್ 110' ಯೋಜನೆಯಲ್ಲಿ ನೂರು ಖರ್ಚು ಮಾಡಿದರೆ ನೂರಹತ್ತು ತೆರಿಗೆ ವಿನಾಯಿತಿ. ಬೊಕ್ಕಸಕ್ಕೆ ಬಿದ್ದ ಹೊರೆ 100 ಶತಕೋಟಿ ಯೂರೋ ದಾಟಿತು. ಆದರೆ ಆ ದುಡ್ಡು ತಲುಪಿದ್ದು ಸ್ವಂತ ಮನೆಯವರನ್ನು, ಕಾಗದಪತ್ರ ಓಡಿಸಲು ಇಂಜಿನಿಯರ್ ಇದ್ದವರನ್ನು. ನಮ್ಮ ಮಾಲೀಕರು ಆ ಗೋಜಿಗೆ ಹೋಗಲಿಲ್ಲ. ಅವರನ್ನು ಕೆಟ್ಟವರು ಅಂತ ಹೇಳುವುದಿಲ್ಲ. ಅವರ ಜಾಗದಲ್ಲಿ ನಿಂತು ಲೆಕ್ಕ ಹಾಕಿದರೆ ಅವರು ಮಾಡಿದ್ದು ಸರಿಯಾಗಿಯೇ ಕಾಣುತ್ತದೆ. ಗೋಡೆಗೆ ಹೊದಿಕೆ ಹಾಕಿಸುವ ತಲೆನೋವು ಅವರದ್ದು, ಉಳಿತಾಯ ನನ್ನದು. ಸ್ಟೌವ್ ಹಾಕಿಸಿದರೆ ಸಬ್ಸಿಡಿ ಅವರದ್ದು, ಮನೆಯ ಬೆಲೆ ಏರುವುದು ಅವರಿಗೆ, ಪೆಲೆಟ್ ಖರ್ಚು ನನ್ನದು.

ಆ ಖರ್ಚು ಎಷ್ಟು? ಚಳಿ ದಿನಗಳಲ್ಲಿ ದಿನಕ್ಕೆ ಒಂದು ಚೀಲ. ನಾನು ಚೀಲಕ್ಕೆ 6 ಯೂರೋ ಕೊಡುತ್ತಿದ್ದೇನೆ. ತಿಂಗಳಿಗೆ 180 ಯೂರೋ. ಕೆಳಗಿನ ಮನೆಯಲ್ಲಿ ಒಬ್ಬರೇ ಇರುವ ಅಜ್ಜಿಯ ಹತ್ತಿರವೂ ಪೆಲೆಟ್ ಸ್ಟೌವ್ ಇದೆ. ಅವರದ್ದು ಯಾವಾಗಲೂ ಪವರ್ 1. ಕೆಟ್ಟಿದೆಯಾ ಅಂತ ನೋಡಲು ಹೋದೆ. ಕೆಟ್ಟಿರಲಿಲ್ಲ. ಚೀಲ ಎರಡು ದಿನ ಬರಬೇಕಲ್ಲ, ಅದಕ್ಕೆ ಅಂದರು. ಬಿಸಿ ಕಡಿಮೆಯಾಗಲು ಇದೂ ಒಂದು ಕಾರಣ, ಕೈಪಿಡಿಯ 'ದೋಷ ಮತ್ತು ಪರಿಹಾರ' ಪುಟದಲ್ಲಿ ಇಲ್ಲದ ಕಾರಣ.

ನಮ್ಮೂರಿನ ಒಲೆಗಳು

ಇದೆಲ್ಲ ಚಳಿ ದೇಶದ ಕಥೆ, ನಮಗೇಕೆ ಅನ್ನಬೇಡಿ. ತಂತ್ರಜ್ಞ ಬಂದುಹೋದ ದಿನ ಅಮ್ಮನಿಗೆ ಹೇಳಿದೆ. ಅವರು ನಕ್ಕರು. "ನಮ್ಮನೆ ಅಸ್ತ್ರ ಒಲೇನೂ ಹಿಂಗೇ ಆಯ್ತು" ಅಂದರು.

ಅಸ್ತ್ರ ಒಲೆ ಹುಟ್ಟಿದ್ದು ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಹಳ್ಳಿಗೆ ವಿಜ್ಞಾನ ತಲುಪಿಸಬೇಕು ಅಂತ ಅಮೂಲ್ಯ ಕೆ.ಎನ್. ರೆಡ್ಡಿ ಅವರು 1974ರಲ್ಲಿ ಕಟ್ಟಿದ ಕೇಂದ್ರದ ಹೆಸರೇ ಅಸ್ತ್ರ. ಒಲೆಯ ವಿನ್ಯಾಸ ಚೆನ್ನಾಗಿತ್ತು. ಸೌದೆ ಕಡಿಮೆ, ಹೊಗೆ ಚಿಮಣಿಯಿಂದ ಹೊರಗೆ. ಆದರೆ ಅದರ ಅಳತೆ ಬಹಳ ನಾಜೂಕು, ಒಳಗಿನ ದಾರಿ ಎರಡು ಬೆರಳು ಹೆಚ್ಚುಕಡಿಮೆಯಾದರೂ ಎಳೆತ ಕೆಡುತ್ತದೆ. 1980ರ ದಶಕದಲ್ಲಿ ಶುರುವಾಗಿ 2002ರಲ್ಲಿ ನಿಂತ ಕೇಂದ್ರ ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮ ದೇಶದಲ್ಲಿ 3 ಕೋಟಿಗೂ ಹೆಚ್ಚು ಒಲೆಗಳನ್ನು ಕಟ್ಟಿಸಿತು. ಗುರಿ ಇದ್ದದ್ದು ಸಂಖ್ಯೆಗೆ. ಅಮ್ಮನ ಮನೆಯ ಒಲೆಯ ಚಿಮಣಿ ಎರಡನೇ ಮಳೆಗಾಲಕ್ಕೆ ಕಟ್ಟಿಕೊಂಡಿತು. ಕಟ್ಟಿದವರು ಮತ್ತೆ ಬರಲಿಲ್ಲ. ಅಜ್ಜಿ ಅದನ್ನು ಒಡೆದು ಹಳೇ ಮೂರು ಕಲ್ಲು ಇಟ್ಟರು.

ಪೆಲೆಟ್ ಕಥೆಯೂ ನಮ್ಮಲ್ಲಿ ಆಗಿದೆ. 2000ದ ದಶಕದಲ್ಲಿ ಅದೇ ವಿಜ್ಞಾನ ಸಂಸ್ಥೆಯ ದಹನ ಪ್ರಯೋಗಾಲಯ ಮತ್ತು ಬಿಪಿ ಕಂಪನಿ ಸೇರಿ 'ಊರ್ಜಾ' ಅನ್ನುವ ಅಡುಗೆ ಒಲೆ ತಂದವು. ಬ್ಯಾಟರಿಯ ಸಣ್ಣ ಫ್ಯಾನ್, ಕೃಷಿ ತ್ಯಾಜ್ಯದ ಪೆಲೆಟ್, ಹೊಗೆ ತೀರಾ ಕಡಿಮೆ. ಮಹಾರಾಷ್ಟ್ರ, ಕರ್ನಾಟಕ, ತಮಿಳುನಾಡಿನ ಕಡೆ ಸುಮಾರು 4 ಲಕ್ಷ ಒಲೆ ಮಾರಾಟವಾದವು. ಆಮೇಲೆ ಕೃಷಿ ತ್ಯಾಜ್ಯಕ್ಕೆ ಕಾರ್ಖಾನೆಗಳೂ ಗಿರಾಕಿಗಳಾದವು, ಪೆಲೆಟ್ ಬೆಲೆ ಏರಿತು, ಹಳ್ಳಿಗೆ ಸರಬರಾಜು ಕುಂಟಿತು. ಒಲೆ ಅಟ್ಟ ಸೇರಿತು.

ಇನ್ನು ಉಜ್ವಲಾ. 2016ರ ಮೇ 1ರಂದು ಶುರುವಾದ ಯೋಜನೆ ಈವರೆಗೆ 10 ಕೋಟಿಗೂ ಹೆಚ್ಚು ಗ್ಯಾಸ್ ಸಂಪರ್ಕ ಕೊಟ್ಟಿದೆ. ಸಣ್ಣ ಸಾಧನೆ ಅಲ್ಲ. ಆದರೆ 2019ರ ಸಿಎಜಿ ವರದಿ ನೋಡಿದ್ದು ಸಂಪರ್ಕವನ್ನಷ್ಟೇ ಅಲ್ಲ, ರೀಫಿಲ್ ಅನ್ನು. 2018ರ ಕೊನೆಗೆ ವರ್ಷಕ್ಕೆ ಸರಾಸರಿ 3.21 ಸಿಲಿಂಡರ್. ಸಿಲಿಂಡರ್ ಅಡುಗೆಮನೆಯ ಮೂಲೆಯಲ್ಲಿ ಇದೆ, ಅನ್ನ ಬೇಯುತ್ತಿರುವುದು ಸೌದೆಯ ಮೇಲೆ. ನಲ್ಲಿ ಇದೆ, ನೀರಿಲ್ಲ. ಶೌಚಾಲಯ ಇದೆ, ಅದರೊಳಗೆ ಸೌದೆ ಪೇರಿಸಿದೆ. ನಮ್ಮ ಊರಿನ ಯಾವ ಕಾರ್ಯಕರ್ತರನ್ನು ಕೇಳಿದರೂ ಇಂಥ ಹತ್ತು ಉದಾಹರಣೆ ಕೊಡುತ್ತಾರೆ.

ದೇಶ ಬೇರೆ, ಹಣದ ಪ್ರಮಾಣ ಬೇರೆ, ಚಳಿ ಬೇರೆ. ಎಣಿಸುವ ರೀತಿ ಮಾತ್ರ ಒಂದೇ. ವಸ್ತುವನ್ನು ಎಣಿಸುವುದು ಸುಲಭ. ಫೋಟೋ ತೆಗೆಯಬಹುದು, ರಿಬ್ಬನ್ ಕತ್ತರಿಸಬಹುದು, ಬಜೆಟ್ ಭಾಷಣದಲ್ಲಿ ಹೇಳಬಹುದು. ಆ ವಸ್ತು ಮೂರನೇ ಚಳಿಗಾಲದಲ್ಲಿ ಕೆಲಸ ಮಾಡುತ್ತಿದೆಯಾ ಅಂತ ನೋಡಲು ಮತ್ತೆ ಒಬ್ಬರು ಬಾಗಿಲು ತಟ್ಟಬೇಕು. ಅವರಿಗೆ ಸಂಬಳ ಕೊಡಬೇಕು. ಆ ಸಂಬಳಕ್ಕೆ ಯಾವ ಯೋಜನೆಯಲ್ಲೂ ಜಾಗವಿಲ್ಲ.

ಹಾಗಾದರೆ ಏನು ಕೇಳಬೇಕು?

ಸಬ್ಸಿಡಿಯೇ ತಪ್ಪು ಅನ್ನುವವರಿಗೆ ಈ ಬರಹ ಒಂದು ಅಸ್ತ್ರ ಆಗಬಾರದು. ಸಬ್ಸಿಡಿ ಇಲ್ಲದಿದ್ದರೆ ನಾನು ಇನ್ನೂ ಹಳೇ ಸೌದೆ ಒಲೆಯ ಹೊಗೆ ಕುಡಿಯುತ್ತಿದ್ದೆ. ನಾನು ಕೇಳುತ್ತಿರುವುದು ಇಷ್ಟೇ: ಹಣವನ್ನು ಯಂತ್ರಕ್ಕೆ ಕಟ್ಟುವ ಬದಲು ಫಲಕ್ಕೆ ಕಟ್ಟಿ.

ಮೊತ್ತದ ಒಂದು ಪಾಲನ್ನು ಮೊದಲ ಚಳಿಗಾಲ ಕಳೆಯುವವರೆಗೆ ತಡೆದಿಡಿ. ತಂತ್ರಜ್ಞ ಒಂದು ತಿಂಗಳ ನಂತರ ಮತ್ತೆ ಬಂದು ಚಿಮಣಿಯ ಎಳೆತ, ಗಂಟೆಗೆ ಉರಿಯುವ ಪೆಲೆಟ್, ಕೋಣೆಯ ತಾಪ ಮೂರನ್ನೂ ಬರೆದುಕೊಟ್ಟ ಮೇಲೆ ಅದು ಬಿಡುಗಡೆಯಾಗಲಿ. ಆ ಕಾಗದಕ್ಕೆ ಮನೆ ಮಾಲೀಕರ ಸಹಿ ಸಾಲದು, ಅಲ್ಲಿ ವಾಸಿಸುವವರ ಸಹಿಯೂ ಬೇಕು. ಬಾಡಿಗೆ ಮನೆಗೆ ಹೊಸ ಸ್ಟೌವ್‌ಗೆ ದುಡ್ಡು ಕೊಡುವ ಮೊದಲು ಚಾವಣಿಗಾದರೂ ಹೊದಿಕೆ ಹಾಕಿದ್ದಾರಾ ಅಂತ ನೋಡಿ. ಪೆಲೆಟ್ ಮೇಲಿನ ತೆರಿಗೆಯನ್ನು ಕನಿಷ್ಠ ಕಡಿಮೆ ಆದಾಯದವರಿಗಾದರೂ ಇಳಿಸಿ. ಇವು ಯಾವುವೂ ಕ್ರಾಂತಿಯ ಮಾತಲ್ಲ, ಒಬ್ಬ ತಂತ್ರಜ್ಞರ ನಲವತ್ತು ನಿಮಿಷಕ್ಕೆ ಬೆಲೆ ಕೊಡುವ ಮಾತು.

ನಮ್ಮ ಕಡೆಯೂ ಇದನ್ನೇ ಕೇಳಬಹುದು. ಮುಂದಿನ ಸಲ ಯಾವುದಾದರೂ ಸಚಿವರು ಇಷ್ಟು ಲಕ್ಷ ಒಲೆ, ಇಷ್ಟು ಕೋಟಿ ಸಂಪರ್ಕ ಅಂದಾಗ ಎರಡನೇ ಪ್ರಶ್ನೆ ಕೇಳಿ: ಹೋದ ವರ್ಷ ಕೊಟ್ಟವುಗಳಲ್ಲಿ ಇವತ್ತು ಉರಿಯುತ್ತಿರುವುದು ಎಷ್ಟು? ಊರಿನಲ್ಲಿ ಒಂದು ಬೀದಿ ಹಿಡಿದು ನಾವೇ ಎಣಿಸಿಕೊಂಡು ಬರಬಹುದು. ನನಗೆ ಬೇಕಾಗಿದ್ದು ಒಂದು ಥರ್ಮಾಮೀಟರ್, ಒಂದು ಸೂಟ್‌ಕೇಸ್ ತಕ್ಕಡಿ. ಅಲ್ಲಿಗೆ ಒಂದು ನೋಟ್‌ಬುಕ್ ಸಾಕು.

ಇದನ್ನು ಬರೆಯುವಾಗ ಹಾಲ್‌ನಲ್ಲಿ 19 ಡಿಗ್ರಿ ಇದೆ. ಮಲಗುವ ಕೋಣೆ ಇನ್ನೂ 14ರಲ್ಲೇ ಇರುವುದರಿಂದ ಹಾಸಿಗೆಯನ್ನು ಹಾಲ್‌ಗೆ ಎಳೆದುಕೊಂಡಿದ್ದೇನೆ. ಸರ್ಕಾರದ ಕಡತದಲ್ಲಿ ನಮ್ಮ ಮನೆಗೆ 8 ಕಿಲೋವ್ಯಾಟ್ ಸಂದಾಯವಾಗಿದೆ, ಕಡತ ಮುಚ್ಚಿದೆ.